ಓದಿ ಹೇಳಲಾಗಿ ಕೇಳಿದೆನು

ಕನಕಗಿರಿ
10 ಡಿಸೆಂಬರ್ 2023

ತಮ್ಮ ಅಲ್ತಾಫನಿಗೆ ನಿನ್ನ ಆಪಾ ಹಸನಬೀಯ ಸಲಾಮು.

ಮಾತು ನನ್ನದು, ಕೈ ಖುಷ್ಬುವಿನದು. ಖುಷ್ಬು ನಮ್ಮ ಓಣಿಯ ಹುಡುಗಿ, ಗಂಗಾವತಿಯಲ್ಲಿ ಬಿ.ಎ. ಓದುತ್ತಾಳೆ. ಓದು ಬರದ ಹೆಂಗಸರಿಗೆ ಅಕ್ಷರ ಕಲಿಸಲು ಸರಕಾರದವರು ಇಲ್ಲಿ ಕೇಂದ್ರ ತೆಗೆದಿದ್ದಾರೆ. ಅಂಗನವಾಡಿ ಕೋಣೆಯಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ. ಹತ್ತು ಮಂದಿ ಇದ್ದೇವೆ. ಕಲಿಸುವ ಖುಷ್ಬುಗೆ ಸಂಬಳವಿಲ್ಲ, ಸರ್ಟಿಫಿಕೇಟ್ ಕೊಡುತ್ತಾರಂತೆ. ನಮಗೆ ಕೊನೆಯಲ್ಲಿ ಪರೀಕ್ಷೆಯೂ ಇದೆ.

ಇವತ್ತು ಖುಷ್ಬು, "ದೂರ ಇರೋ ಒಬ್ಬರಿಗೆ ಪತ್ರ ಹೇಳ್ರಿ, ನಾ ಬರಕೊಡ್ತೀನಿ. ಪರೀಕ್ಷಾ ಬರೂದ್ರಾಗ ನೀವ ನಿಮ್ ಕೈಲೆ ಬರೀಬೇಕು" ಎಂದಳು. ಎಲ್ಲರೂ ಮಗಳು, ತಂಗಿ ಎಂದರು. ನನ್ನ ಸರತಿ ಬಂದಾಗ ಬಳ್ಳಾರಿ ಜೈಲು ಎಂದೆ. ಪಕ್ಕದಲ್ಲಿ ಕುಳಿತಿದ್ದ ರೇಣುಕಮ್ಮ, "ಬರಸವಾ, ತಮ್ಮ ಅಲ್ಲೇನು" ಎಂದಳು.

ನೀನು ಒಳಗೆ ಹೋಗಿ ಆರು ವರ್ಷ ದಾಟಿತು. ನಾನು ಬಂದು ನೋಡಿದ್ದು ಎರಡೇ ಸಲ. ಚಾಂದಸಾಬ ಭಾವ ಕರೆದುಕೊಂಡು ಹೋದರೆ ಹೋಗಬೇಕು, ಅವರಿಗೆ ಗಾದಿ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ನಾನು ಅದೇ ಗಂಡನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಗಾದಿ ಹೊಲಿಯುತ್ತೇನೆ. ಮಗಳು ಇರ್ಫಾನಾ ಕುಷ್ಟಗಿ ಕಡೆ ಸರಕಾರಿ ವಸತಿ ಶಾಲೆಯಲ್ಲಿ ಎಂಟನೆಯ ತರಗತಿ. ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ. ರಜೆಗೆ ಬಂದರೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಓದಿನ ಗುಂಗು ಇರಬೇಕು.

ಅವತ್ತು ಮಾಳಿಗೆಯ ಮೇಲೆ ಇರ್ಫಾನಾಳ ಅಪ್ಪ ನನ್ನನ್ನು ಹೊಡೆಯುತ್ತಿದ್ದಾಗ ನೀನು ಬಂದು ನಡುವೆ ಬೀಳದಿದ್ದರೆ ಈ ಪತ್ರ ಹೇಳಲು ನಾನಿರುತ್ತಿರಲಿಲ್ಲ. ಅವರು ಕಾಲು ತಪ್ಪಿ ಕೆಳಗೆ ಬಿದ್ದು ತೀರಿಹೋದದ್ದು ಅವರ ನಸೀಬು. ಜೈಲು ನಿನ್ನ ನಸೀಬು. ಪೊಲೀಸರಿಗೆ ನಾನು ಕೊಟ್ಟ ಕಾಗದದಿಂದ ನಿನಗೆ ಅಷ್ಟಾದರೂ ಅನುಕೂಲವಾಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಭಾವ ಈಗಲೂ ಹೇಳುತ್ತಾರೆ, "ನಿನ್ನ ಕಾಗದದಿಂದನ ಅವಗ ಗಲ್ಲು ತಪ್ಪೈತಿ" ಎಂದು.

ಚಳಿಗೆ ಹೊದೆಯಲು ಏನು ಕೊಟ್ಟಿದ್ದಾರೆ, ಬರೆ.

ನಿನ್ನ ಆಪಾ


ಬಳ್ಳಾರಿ
4 ಜನವರಿ 2024

ಆಪಾಗೆ ಅಲ್ತಾಫನ ಸಲಾಮು.

ಪತ್ರ ತಲುಪಿತು. ಇಲ್ಲಿ ಪತ್ರಗಳನ್ನು ಮೊದಲು ಅವರು ಓದಿ ಆಮೇಲೆ ನಮಗೆ ಕೊಡುತ್ತಾರೆ. ಅದನ್ನು ನೆನಪಿಟ್ಟುಕೊಂಡು ಬರೆಸು.

ಎರಡು ಕಂಬಳಿ ಇವೆ. ಚಳಿ ತಡೆಯುತ್ತವೆ. ನನ್ನ ಕೆಲಸವೂ ಈಗ ಅಕ್ಷರದ್ದೇ. ಒಳಗಿರುವ ಓದು ಬರದವರಿಗೆ ಇಲ್ಲಿಯೂ ಕಲಿಕಾ ತರಗತಿ ಇದೆ. ಹೊರಗೆ ನಾಲ್ಕು ವರ್ಷ ಅತಿಥಿ ಶಿಕ್ಷಕನಾಗಿದ್ದೆ ಎಂಬ ಕಾರಣಕ್ಕೆ ನನಗೆ ಒಪ್ಪಿಸಿದ್ದಾರೆ. ಹೊರಗೆ ಪ್ರತಿ ಜೂನ್‌ನಲ್ಲೂ ಮತ್ತೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಕಾಯಬೇಕಾಗಿತ್ತು. ಇಲ್ಲಿ ಆ ಚಿಂತೆ ಇಲ್ಲ. ಹದಿನಾಲ್ಕು ಜನ ಇದ್ದಾರೆ. ಯಲಬುರ್ಗಾ ಕಡೆಯ ಕಾಳಪ್ಪ ಎಂಬವರು ಎಲ್ಲರಿಗಿಂತ ಹಿರಿಯರು, ಅರವತ್ತರ ಮೇಲೆ. 'ಕ' ಬರೆಯಲು ಒಂದು ವಾರ ತೆಗೆದುಕೊಂಡರು. ಕೊನೆಗೆ ಅದು ಬರೆಯಲು ಬಂದ ದಿನ "ಮಾಸ್ತರ, ನನ್ನ ಹೆಸರಿನಾಗ ಮೊದಲನೇದ ಗಂಟ ಐತಲ್ರಿ" ಎಂದು ನಕ್ಕರು.

ಅಮ್ಮ ಹೋದಾಗ ನನಗೆ ಎರಡು ವರ್ಷ. ನಿನಗೆ ಹದಿನಾಲ್ಕು. ಎರಡನೆಯ ತರಗತಿಗೇ ಶಾಲೆ ಬಿಟ್ಟಿದ್ದ ನೀನು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಯ ಬಾಗಿಲವರೆಗೆ ಬಂದು ಬಿಟ್ಟು ಹೋಗುತ್ತಿದ್ದೆ. ಈಗ ನೀನು ಒಳಗೆ ಹೋಗಿ ಕುಳಿತಿದ್ದೀಯ ಎಂದು ಓದಿದಾಗ ಏನು ಅನ್ನಿಸಿತು ಎಂದು ಹೇಳಲು ಬರುವುದಿಲ್ಲ.

ಮಾಳಿಗೆಯ ಮೇಲೆ ನಡೆದದ್ದನ್ನು ಈಗ ಬರೆಸಿದ್ದೀಯ. ಬರೆಸಿದೆಯಲ್ಲ, ಅಷ್ಟು ಸಾಕು. ಕಾಗದದ ಬಗ್ಗೆ ನಾನು ಏನೂ ಹೇಳುವುದಿಲ್ಲ. ನಿನಗೆ ಮಗಳಿದ್ದಾಳೆ, ತಲೆಯ ಮೇಲೆ ಸೂರು ಬೇಕು. ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ.

ಅಲ್ತಾಫ


ಕನಕಗಿರಿ
22 ಫೆಬ್ರವರಿ 2024

ಅಲ್ತಾಫ,

ಇದು ನನ್ನ ಕೈ. ಖುಷ್ಬು ತಪ್ಪು ತಿದ್ದಿದಳು. ನಾನು ಮತ್ತೆ ಬರೆದೆ. ಇದು ಮೂರನೆಯ ಸಲ ಬರೆದದ್ದು.

ದಬ್ಬಣ ಹಿಡಿದ ಕೈ. ಪೆನ್ಸಿಲು ಜೋರಾಗಿ ಒತ್ತುತ್ತೇನೆ. ಹಾಳೆ ಹರಿಯುತ್ತದೆ.

ನಿನ್ನ ಪತ್ರ ನಾನೇ ಓದಿದೆ. ಎರಡು ದಿನ ಬೇಕಾಯಿತು. ನೀನು ನನ್ನ ಕಷ್ಟ ತಿಳಿದಿದ್ದೀಯ. ಸೂರು ಬೇಕು ಎಂದು ಬರೆದಿದ್ದೀಯ. ಓದಿ ಅತ್ತೆ. ನೀನು ಒಳ್ಳೆಯವನು.

ಮನೆಯಲ್ಲಿ ನಾವು ಆಡುವುದು ಮುಸಲ್ಮಾನಿ ಮಾತು. ಬರೆಯುವುದು ಕನ್ನಡ. ತಲೆಯಲ್ಲಿ ಎರಡೂ ಜಗಳ ಆಡುತ್ತವೆ.

ಮಾರ್ಚ್ 17 ಪರೀಕ್ಷೆ.

ಹಸನಬೀ


ಬಳ್ಳಾರಿ
11 ಮಾರ್ಚ್ 2024

ಪ್ರೀತಿಯ ಆಪಾ,

ನಿನ್ನ ಅಕ್ಷರ ನೋಡಿದೆ. ತರಗತಿಗೆ ಒಯ್ದು ಎಲ್ಲರಿಗೂ ತೋರಿಸಿದೆ. ಕಾಳಪ್ಪನವರು ಹಾಳೆಯನ್ನು ತಿರುಗಿಸಿ, ಹಿಂದೆ ಮೂಡಿದ್ದ ಅಕ್ಷರದ ಉಬ್ಬುಗಳನ್ನು ಬೆರಳಿನಿಂದ ಸವರಿದರು. "ನಿಮ್ ಆಪಾನ್ನ ನಮ್ ಕ್ಲಾಸಿಗೆ ಕರಕೊಂಡು ಬರ್ರಿ" ಎಂದವರು, ಎಲ್ಲಿಗೆ ಕರೆಯುತ್ತಿದ್ದೇನೆ ಎಂದು ತಿಳಿದು ನಾಲಿಗೆ ಕಚ್ಚಿಕೊಂಡರು.

ನಿಜ ಹೇಳುತ್ತೇನೆ. ಮೊದಲ ಪತ್ರಕ್ಕೆ ಉತ್ತರ ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದ್ದೆ. ಈ ಪತ್ರಕ್ಕೆ ಅವತ್ತೇ ಬರೆಯಲು ಕುಳಿತೆ. ಹಾಳೆ ಸಿಗುವುದು ತಡವಾಯಿತು.

ಮೇಷ್ಟ್ರಾಗಿ ಒಂದು ಮಾತು. ಪರೀಕ್ಷೆ ಮುಗಿದ ಮೇಲೆ ಕೇಂದ್ರ ಮುಚ್ಚುತ್ತಾರೆ. ಆಮೇಲೆ ಓದುವುದನ್ನು ಬಿಟ್ಟವರು ಆರು ತಿಂಗಳಲ್ಲಿ ಮರೆತುಬಿಡುತ್ತಾರೆ, ನಾನು ನೋಡಿದ್ದೇನೆ. ನೀನು ಬಿಡಬೇಡ. ಬಸ್ಸಿನ ಬೋರ್ಡು ಓದು. ಅಂಗಡಿಯ ಹೆಸರು ಓದು. ಔಷಧದ ಚೀಟಿ, ರೇಷನ್ ಕಾರ್ಡು, ಪೆಟ್ಟಿಗೆಯಲ್ಲಿ ಇಟ್ಟಿರುವ ಹಳೆಯ ಕಾಗದಗಳು, ಕೈಗೆ ಸಿಕ್ಕಿದ್ದೆಲ್ಲ ಓದು. ತಿಳಿಯದ ಶಬ್ದವಿದ್ದರೆ ನನಗೆ ಬರೆ. ಅರ್ಥ ಹೇಳುತ್ತೇನೆ. ಇಲ್ಲಿ ನನ್ನ ಹತ್ತಿರ ಬೇರೇನಿಲ್ಲ, ಸಮಯವಿದೆ.

ಪರೀಕ್ಷೆಯಲ್ಲಿ ಗಾಬರಿಯಾಗಬೇಡ. ಯಾರನ್ನೂ ಫೇಲು ಮಾಡುವುದಿಲ್ಲ.

ನಿನ್ನ ಅಲ್ತಾಫ


ಕನಕಗಿರಿ
19 ಮೇ 2024

ಅಲ್ತಾಫನಿಗೆ ಸಲಾಮು.

ನಾನು ಪಾಸಾದೆ. ನಮ್ಮ ಕೇಂದ್ರದಲ್ಲಿ ನನಗೇ ಹೆಚ್ಚು ಅಂಕ. ನೀನು ಹೇಳಿದ ಹಾಗೆ ಕೇಂದ್ರ ಮುಚ್ಚಿತು. ಖುಷ್ಬುಗೆ ಅವಳ ಪರೀಕ್ಷೆ, ಅವಳನ್ನು ಕೇಳಲು ಆಗುವುದಿಲ್ಲ.

ನೀನು ಹೇಳಿದಂತೆ ಎಲ್ಲ ಓದುತ್ತಿದ್ದೇನೆ. ಸಂತೆಗೆ ಹೋದರೆ ತಲೆ ಎತ್ತಿಕೊಂಡೇ ನಡೆಯುತ್ತೇನೆ. ಮೊನ್ನೆ ಒಬ್ಬರಿಗೆ ಡಿಕ್ಕಿ ಹೊಡೆದೆ. ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ತಪ್ಪಾಗಿದೆ, ಹಸೀನಾಬಿ ಎಂದಿದೆ. ಇಷ್ಟು ವರ್ಷ ಯಾರೂ ಹೇಳಲಿಲ್ಲ.

ಕೆಲವು ಶಬ್ದ ತಿಳಿಯುತ್ತಿಲ್ಲ. ಬರೆಯುತ್ತೇನೆ, ಅರ್ಥ ಕಳಿಸು.

ಅನ್ಯೋನ್ಯ.
ಪೂರ್ವದ್ವೇಷ.
ಪ್ರಚೋದನೆ.

ಬೇಗ ಕಳಿಸು. ಎಲ್ಲಿ ಓದಿದೆ ಎಂದು ಆಮೇಲೆ ಹೇಳುತ್ತೇನೆ.

ಹಸನಬೀ


ಬಳ್ಳಾರಿ
3 ಜೂನ್ 2024

ಪ್ರೀತಿಯ ಆಪಾ,

ಪಾಸಾದದ್ದಕ್ಕೆ ಇಲ್ಲಿ ನಿನ್ನ ಹೆಸರಿನಲ್ಲಿ ಬೆಲ್ಲ ಹಂಚಿದೆವು. ಕ್ಯಾಂಟೀನಿನಿಂದ ಕಾಳಪ್ಪನವರೇ ತಂದರು.

ಶಬ್ದಗಳ ಅರ್ಥ ಕೇಳಿದ್ದೀಯ. ಅನ್ಯೋನ್ಯ ಎಂದರೆ ಒಬ್ಬರಿಗೊಬ್ಬರು ಹೊಂದಿಕೊಂಡು, ಪ್ರೀತಿಯಿಂದ ಇರುವುದು. ಚಿಕ್ಕಂದಿನಲ್ಲಿ ನಾನೂ ನೀನೂ ಇದ್ದ ಹಾಗೆ. ಪೂರ್ವದ್ವೇಷ ಎಂದರೆ ಹಳೆಯ ಹಗೆ, ಮೊದಲಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಸಿಟ್ಟು. ಪ್ರಚೋದನೆ ಎಂದರೆ ಕೆಣಕುವುದು. ಒಬ್ಬನು ಇನ್ನೊಬ್ಬನಿಗೆ ಸಿಟ್ಟು ಬರುವಂತೆ

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಎರಡು ದಿನ ಕಳೆದು ಮತ್ತೆ ಬರೆಯುತ್ತಿದ್ದೇನೆ. ಈ ಮೂರೂ ಶಬ್ದಗಳನ್ನು ಒಟ್ಟಿಗೆ ನಾನು ಒಂದೇ ಒಂದು ಕಡೆ ಕೇಳಿದ್ದೇನೆ.

ಆಪಾ, ನೀನು ಓದುತ್ತಿರುವುದು ಏನು?

ಅಲ್ತಾಫ


ಕನಕಗಿರಿ
16 ಜೂನ್ 2024

ಅಲ್ತಾಫ,

ನಾನು ಓದಿದ್ದು ನಾನು ಕೊಟ್ಟ ಕಾಗದ.

ಪೆಟ್ಟಿಗೆಯಲ್ಲಿ ರೇಷನ್ ಕಾರ್ಡಿನ ಕೆಳಗೆ ಇತ್ತು. ಠಾಣೆಯಿಂದ ಕೊಟ್ಟ ಝರಾಕ್ಸು. ಏಳು ವರ್ಷ ಅಲ್ಲೇ ಇತ್ತು. ನನ್ನ ತಮ್ಮನನ್ನು ಉಳಿಸಿದ ಕಾಗದ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದೆ. ಓದಲು ಹನ್ನೊಂದು ದಿನ ಹಿಡಿಯಿತು. ಕೆಲವು ಸಾಲು ಓದಿ, ನಾನೇ ತಪ್ಪು ಓದಿದೆ ಎಂದು ಮತ್ತೆ ಮೊದಲಿನಿಂದ ಓದಿದೆ.

"ನಾನು ಮತ್ತು ನನ್ನ ಗಂಡನಾದ ಶಬ್ಬೀರಸಾಬ ಅನ್ಯೋನ್ಯವಾಗಿ ಬಾಳ್ವೆ ಮಾಡಿಕೊಂಡು ಇದ್ದೆವು. ನನ್ನ ತಮ್ಮ ಅಲ್ತಾಫ ಈತನು ಪೂರ್ವದ್ವೇಷದಿಂದ, ಯಾವುದೇ ಪ್ರಚೋದನೆ ಇಲ್ಲದೆ, ಕೊಲ್ಲುವ ಉದ್ದೇಶದಿಂದಲೇ ನನ್ನ ಗಂಡನನ್ನು ಮಾಳಿಗೆಯಿಂದ ಕೆಳಗೆ ದೂಡಿದನು." ಹೀಗಿದೆ. ಅವರು ನನ್ನನ್ನು ಹೊಡೆಯುತ್ತಿದ್ದರು ಎಂಬ ಒಂದು ಮಾತೂ ಇಲ್ಲ. ನನ್ನ ಕೈ ಮುರಿದದ್ದು ಇಲ್ಲ. ನೀನು ಬಿಡಿಸಲು ಬಂದದ್ದು ಇಲ್ಲ. ಕೊನೆಗೆ "ಓದಿ ಹೇಳಲಾಗಿ ಕೇಳಿದೆನು, ಸರಿ ಇರುತ್ತದೆ" ಎಂದಿದೆ. ಅದರ ಕೆಳಗೆ ನನ್ನ ಹೆಬ್ಬೆಟ್ಟು.

ಅಲ್ತಾಫ, ಯಾರೂ ಓದಿ ಹೇಳಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಮೇಜಿನ ಮುಂದೆ ಒಬ್ಬ ಬರೆಯುತ್ತಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಹೊಡೆದದ್ದು, ನೀನು ಬಂದದ್ದು, ಎಲ್ಲ. ಅವನು ತಲೆ ಆಡಿಸುತ್ತ ಬರೆದ. ಭಾವ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. "ಹೆಬ್ಬಟ್ಟು ಒತ್ತು, ಇಲ್ಲಾಂದ್ರ ಮಯ್ಯತ್ ಕೊಡೂದಿಲ್ಲ" ಎಂದರು. ಹೆಣ ಮಣ್ಣು ಮಾಡಬೇಕಲ್ಲ, ಒತ್ತಿದೆ. ನಾನು ಹೇಳಿದ್ದೇ ಬರೆದಿದ್ದಾರೆ ಎಂದು ತಿಳಿದಿದ್ದೆ.

ಕೋರ್ಟಿನಲ್ಲಿಯೂ ಭಾವ ಮೊದಲೇ ಹೇಳಿದ್ದರು, "ಕಾಗದದಾಗ ಇರೂದ ಖರೇ ಅಂತ ಅನ್ನು. ಬ್ಯಾರೆ ಬಾಯಿ ಬಿಟ್ರ ನಿನ್ನ ತಮ್ಮಗ ಗಲ್ಲು." ನಿನ್ನ ವಕೀಲರು ಉದ್ದುದ್ದ ಪ್ರಶ್ನೆ ಕೇಳಿದರು. ಅರ್ಧ ತಿಳಿಯಲಿಲ್ಲ. ಎಲ್ಲದಕ್ಕೂ ನಾನು ಕಾಗದದಲ್ಲಿ ಇರುವುದೇ ಖರೇ ಎಂದೆ. ನೀನು ಕಟಕಟೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದೆ. ನಿನಗೆ ಧೈರ್ಯ ಬರಲಿ ಎಂದು ನಾನು ತಲೆ ಆಡಿಸಿದೆ.

ನಿನ್ನೆ ಭಾವನನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಗಾದಿಗೆ ಅರಳೆ ತುಂಬುತ್ತಲೇ ಹೇಳಿದರು, "ಮತ್ತೇನು, ನಮ್ಮ ತಮ್ಮ ಹೆಂಡ್ತಿನ್ನ ಬಡೀತಿದ್ದ ಅಂತ ಬರಸಬೇಕಾಗಿತ್ತೇನು? ಸತ್ತಾವಗ ಮರ್ಯಾದಿ ಬ್ಯಾಡೇನು?"

ನಿನಗೆ ಇದೆಲ್ಲ ಗೊತ್ತಿತ್ತು. ಕೋರ್ಟಿನಲ್ಲಿ ನೀನು ಕೇಳಿದ್ದೆ. ಗೊತ್ತಿದ್ದೂ ನನಗೆ ಅಕ್ಷರ ಕಲಿ ಎಂದು ಬರೆದೆ, ಬೆಲ್ಲ ಹಂಚಿದೆ. ನನ್ನನ್ನು ಏನೆಂದು ತಿಳಿದುಕೊಂಡಿದ್ದೆ?

ಹಸನಬೀ


ಕನಕಗಿರಿ
12 ಸೆಪ್ಟೆಂಬರ್ 2024

ಅಲ್ತಾಫ,

ಮೂರು ತಿಂಗಳಾಯಿತು. ನಿನ್ನ ಉತ್ತರವಿಲ್ಲ. ನನ್ನ ಪತ್ರವನ್ನು ಅವರು ನಿನಗೆ ಕೊಡಲಿಲ್ಲವೋ, ನೀನೇ ಬರೆಯುತ್ತಿಲ್ಲವೋ ತಿಳಿಯದು. ಕೊಡಲಿಲ್ಲ ಎಂದೇ ಅಂದುಕೊಂಡು ಬರೆಯುತ್ತಿದ್ದೇನೆ.

ಎಂಟನೆಯ ತಾರೀಕು ಸಾಕ್ಷರತಾ ದಿನ. ನನಗೆ ಹೆಚ್ಚು ಅಂಕ ಬಂದಿತ್ತಲ್ಲ, ಕೊಪ್ಪಳದ ಕಾರ್ಯಕ್ರಮಕ್ಕೆ ಕರೆದರು. ವೇದಿಕೆಯ ಮೇಲೆ ನನ್ನ ಕೈಗೆ ಒಂದು ಹಾಳೆ ಕೊಟ್ಟು ಓದಿಸಿದರು. "ಇನ್ನು ಮುಂದೆ ನನಗೆ ಯಾರೂ ಮೋಸ ಮಾಡಲಾರರು" ಎಂದು ಅದರಲ್ಲಿ ಇತ್ತು. ಅವರೇ ಬರೆದದ್ದು. ನಾನು ತಡವರಿಸದೆ ಓದಿದೆ. ಜನ ಚಪ್ಪಾಳೆ ತಟ್ಟಿದರು. ಖುಷ್ಬು ಕೆಳಗೆ ಕುಳಿತು ಫೋನಿನಲ್ಲಿ ಫೋಟೋ ತೆಗೆದಳು.

ಫಿರ್ಯಾದಿಯ ಝರಾಕ್ಸು ನನ್ನ ಚೀಲದಲ್ಲಿತ್ತು. ಅದನ್ನೂ ಅಲ್ಲೇ ಎಲ್ಲರ ಮುಂದೆ ಓದಬೇಕೆಂದು ಬಂದಿದ್ದೆ. ಕಾಗದ ಹೊರಗೆ ತೆಗೆಯಲಿಲ್ಲ. ಶಾಲು ಹೊದಿಸಿ ಕೆಳಗೆ ಕಳಿಸಿದರು.

ಊಟದ ಹೊತ್ತಿಗೆ ಒಬ್ಬ ಅಧಿಕಾರಿಯ ಹತ್ತಿರ ಹೋಗಿ ಕಾಗದ ತೋರಿಸಿದೆ. ಅವರು ಪೂರ್ತಿ ಓದಿದರು. ಕೆಟ್ಟ ಮನುಷ್ಯರಲ್ಲ. "ಅಮ್ಮಾ, ನಮ್ಮದು ಅಕ್ಷರ ಕಲಸೂದು. ಇದು ನಮ್ಮ ಇಲಾಖೆಗೆ ಬರೂದಿಲ್ಲ. ಉಚಿತ ಕಾನೂನು ಸೇವಾ ಅಂತ ಐತಿ, ಅಲ್ಲಿ ಹೋಗ್ರಿ" ಎಂದು ದಾರಿ ಹೇಳಿದರು.

ಹೋದೆ. ಸುರೇಖಾ ಎಂಬ ವಕೀಲರು. ನಿನ್ನ ಕೇಸಿನ ಪೂರ್ತಿ ಕಾಗದ ತರಿಸಿಕೊಳ್ಳುತ್ತೇನೆ ಎಂದು ಹೇಳಿ, ಹೈಕೋರ್ಟಿನ ತೀರ್ಪನ್ನು ಅಲ್ಲೇ ಕಂಪ್ಯೂಟರಿನಲ್ಲಿ ತೆಗೆದು ಓದಿದರು. ಹೈಕೋರ್ಟಿನಲ್ಲಿ ನಿನ್ನ ಅಪೀಲು ಎರಡು ವರ್ಷದ ಹಿಂದೆಯೇ ವಜಾ ಆಗಿದೆಯಂತೆ. "ಅಲ್ಲಿ ನಿಮ್ಮ ಫಿರ್ಯಾದಿ ಬಗ್ಗೆ ಯಾಕ ಒಂದು ಮಾತೂ ಎತ್ತಿಲ್ಲ?" ಎಂದು ಅವರು ನನ್ನನ್ನೇ ಕೇಳಿದರು. ನನಗೇನು ಗೊತ್ತು. ಈಗ ಇನ್ನೂ ಮೇಲಿನ ಕೋರ್ಟಿಗೆ ಹೋಗಬೇಕು. ನಾನು ಪ್ರಮಾಣಪತ್ರ ಕೊಡಬೇಕು, ನಿನ್ನ ಸಹಿಯೂ ಬೇಕು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದೆ ಎಂದು ನನ್ನ ಮೇಲೆಯೇ ಕೇಸು ಆಗಬಹುದು ಎಂದೂ ಹೇಳಿದರು. ಆಗಲಿ ಎಂದೆ.

ಸಹಿ ಮಾಡಿ ಕಳಿಸು. ಬೇರೆ ಏನೂ ಬರೆಯದಿದ್ದರೂ ಸಹಿ ಮಾಡು.

ಹಸನಬೀ


ಬಳ್ಳಾರಿ
2 ನವೆಂಬರ್ 2024

ಆಪಾ,

ನಿನ್ನ ಎರಡೂ ಪತ್ರ ಬಂದಿವೆ. ಕೊಡದೆ ಇರಲಿಲ್ಲ. ನಾನೇ ಬರೆಯಲಿಲ್ಲ. ಸುರೇಖಾ ಮೇಡಂ ಕಳಿಸಿದ ಕಾಗದಗಳಿಗೆ ಸಹಿ ಮಾಡಿದ್ದೇನೆ.

ನಿನ್ನನ್ನು ಏನೆಂದು ತಿಳಿದುಕೊಂಡಿದ್ದೆ ಎಂದು ಕೇಳಿದ್ದೀಯ. ಹೇಳಬೇಕು. ತಿಳಿದೇ ಕೊಟ್ಟಿದ್ದಾಳೆ ಎಂದುಕೊಂಡಿದ್ದೆ. ಗಂಡನ ಮನೆಯಿಂದ ಹೊರಗೆ ಹಾಕಿದರೆ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾಳೆ, ಅದಕ್ಕೇ ನನ್ನನ್ನು ಬಿಟ್ಟಳು ಎಂದುಕೊಂಡಿದ್ದೆ. ಕೋರ್ಟಿನಲ್ಲಿ ನೀನು ನನ್ನ ಕಡೆ ನೋಡಿ ತಲೆ ಆಡಿಸಿದೆಯಲ್ಲ, ಅದನ್ನು 'ಕ್ಷಮಿಸು, ಬೇರೆ ದಾರಿಯಿಲ್ಲ' ಎಂದು ಓದಿಕೊಂಡೆ.

ಹೈಕೋರ್ಟಿನ ಅಪೀಲಿಗೆ ಸರಕಾರದಿಂದಲೇ ಒಬ್ಬ ವಕೀಲರನ್ನು ಕೊಟ್ಟಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಎರಡು ಸಲ ಇಲ್ಲಿಗೆ ಬಂದಿದ್ದರು. ಅವರು ಕೇಳಿದ ಮೊದಲ ಪ್ರಶ್ನೆಯೇ, "ನಿಮ್ಮ ಅಕ್ಕನಿಗೆ ಓದು ಬರುತ್ತಿತ್ತೇ?" ಎಂದು. ಬರುತ್ತಿರಲಿಲ್ಲ ಎಂದೆ. "ಹಾಗಾದರೆ ಫಿರ್ಯಾದಿಯನ್ನೇ ಪ್ರಶ್ನಿಸೋಣ, ಅದೇ ನಮ್ಮ ದೊಡ್ಡ ಆಧಾರ" ಎಂದರು. ನಾನು ಬೇಡ ಎಂದೆ. ಅದನ್ನು ಎತ್ತಿದರೆ ನಿನ್ನನ್ನು ಮತ್ತೆ ಕೋರ್ಟಿಗೆ ಎಳೆಯುತ್ತಾರೆ, ಚಾಂದಸಾಬ ನಿನ್ನನ್ನು ಬೀದಿಗೆ ಹಾಕುತ್ತಾನೆ, ಇರ್ಫಾನಾಳ ಓದು ನಿಲ್ಲುತ್ತದೆ ಎಂದುಕೊಂಡೆ. ಅವರು ಎರಡನೆಯ ಸಲ ಬಂದಾಗಲೂ ಬೇಡವೆಂದೇ ಬರೆದುಕೊಟ್ಟೆ. ನಿನಗಾಗಿ ತ್ಯಾಗ ಮಾಡಿದೆ ಎಂಬ ಸೊಕ್ಕಿತ್ತು. ಅದರ ಒಳಗೆ ಸಿಟ್ಟೂ ಇತ್ತು. ಅವಳಿಗೆ ನಾನು ಬೇಡವಾದರೆ ನನಗೂ ಬಿಡುಗಡೆ ಬೇಡ ಎಂಬ ಸಿಟ್ಟು.

ಮೇಷ್ಟ್ರು ನಾನು. ಇಲ್ಲಿ ಹೊಸದಾಗಿ ಬಂದ ಪ್ರತಿಯೊಬ್ಬನನ್ನೂ "ನಿನ್ನ ಕಾಗದ ಯಾರಾದರೂ ಓದಿ ಹೇಳಿದರಾ?" ಎಂದು ಕೇಳುತ್ತೇನೆ. ಅರ್ಧಕ್ಕಿಂತ ಹೆಚ್ಚು ಜನ ಇಲ್ಲ ಎನ್ನುತ್ತಾರೆ. ನನ್ನ ಸ್ವಂತ ಅಕ್ಕನ ವಿಷಯದಲ್ಲಿ ಮಾತ್ರ, ವಕೀಲರು ಎತ್ತಿದ ಮೇಲೂ, ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಒಂದು ಪತ್ರ ಹಾಕಿ ಕೇಳಿದ್ದರೆ ಸಾಕಿತ್ತು. ಯಾರಿಂದಾದರೂ ಓದಿಸಿಕೊಂಡು ನೀನು ಉತ್ತರ ಕೊಡುತ್ತಿದ್ದೆ.

ಅಲ್ತಾಫ


ಗಂಗಾವತಿ
26 ಜನವರಿ 2025

ಅಲ್ತಾಫ,

ವಿಳಾಸ ಬದಲಾಗಿದೆ. ಪ್ರಮಾಣಪತ್ರ ಕೊಟ್ಟ ಸುದ್ದಿ ಭಾವನಿಗೆ ತಿಳಿಯಿತು. ಬಾಯಿ ಮಾಡಲಿಲ್ಲ, ಹೊಡೆಯಲಿಲ್ಲ. ಹಿಂದಿನ ಕೋಣೆಯ ಸಾಮಾನು ತೆಗೆದು ಕಟ್ಟೆಯ ಮೇಲೆ ಇಟ್ಟರು. ಇಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಕಸ ಹೊಡೆಯುವ ಕೆಲಸ ಸಿಕ್ಕಿದೆ. ರೇಣುಕಮ್ಮನ ತಂಗಿಯ ಮನೆಯ ಪಕ್ಕ ಒಂದು ಕೋಣೆ.

ಇರ್ಫಾನಾಳನ್ನು ನೋಡಲು ಶಾಲೆಗೆ ಹೋಗಿದ್ದೆ. ಎತ್ತರವಾಗಿದ್ದಾಳೆ. ನಾನೇ ಎಲ್ಲ ಹೇಳಬೇಕು ಎಂದು ಝರಾಕ್ಸು ಒಯ್ದಿದ್ದೆ. ಚೀಲದಿಂದ ತೆಗೆದೆ. ಅವಳು ಕೈಗೆ ತೆಗೆದುಕೊಳ್ಳಲಿಲ್ಲ.

"ನಾ ಇದನ್ನ ಆರನೇತ್ತಾದಾಗ ಇದ್ದಾಗ ಓದೀನಿ ಅಮ್ಮಿ" ಎಂದಳು. "ರಜಾಕ್ಕ ಬಂದಾಗ, ಪೆಟಿಗ್ಯಾಗ ಸಿಕ್ಕಿತ್ತು."

ಆರನೆಯ ತರಗತಿ. ವಸತಿ ಶಾಲೆ ಸೇರಿದ ಮೊದಲ ವರ್ಷ.

"ಯಾಕ ಹೇಳಲಿಲ್ಲ?" ಎಂದೆ.

"ಏನಂತ ಹೇಳಲಿ? ಅಪ್ಪಾ ನಿನ್ನ ಬಡಿಯೂದನ್ನ ನಾ ನೋಡೀನಿ. ಮಾಮು ಬಿಡಸಾಕ ಬಂದಿದ್ದೂ ನೋಡೀನಿ. ನೀ ಹಿಂಗ ಬರಸೀದಿ. ಅವತ್ತಿನಿಂದ ನಿನ್ನ ಮಕಾ ನೋಡಾಕ ಆಗಲಿಲ್ಲ ನನಗ."

ನನಗೆ ಓದು ಬರುತ್ತಿರಲಿಲ್ಲ ಎಂದೆ. ಅದು ಅವಳಿಗೆ ಗೊತ್ತಿತ್ತು. ಆದರೆ ಬರೆಸಿದ್ದು ನಾನೇ ಅಲ್ಲವೇ, ಬಾಯಿಂದ ಹೇಳಿ ಬರೆಸಿದ್ದೇನೆ ಎಂದು ತಿಳಿದಿದ್ದಳು. ಮೂರು ವರ್ಷ ರಜೆಗೆ ಬಂದು ನನ್ನ ಪಕ್ಕದಲ್ಲೇ ಮಲಗಿ, ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ನಾನು ಓದಿನ ಗುಂಗು ಎಂದು ನಿನಗೆ ಬರೆಸಿದ್ದೆ.

ನಾನು ಹೇಳಿದ್ದನ್ನು ಕೇಳಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಗಂಟೆ ಬಾರಿಸಿದರು. ಹೋಗುವಾಗ "ಈ ಸಲ ರಜಾಕ್ಕ ದೊಡ್ಡಪ್ಪನ ಮನಿಗೇ ಹೋಗ್ತೀನಿ. ಗಂಗಾವತ್ಯಾಗ ಓದಾಕ ಜಾಗಾ ಇಲ್ಲಲ್ಲ" ಎಂದಳು. ಅದೂ ಸುಳ್ಳಲ್ಲ. ಹತ್ತನೆಯ ತರಗತಿ ಬರುತ್ತಿದೆ, ನನ್ನ ಕೋಣೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ.

ಮಗಳು ಓದಿದ್ದಳು. ನೀನು ಓದಿದ್ದೆ. ವಕೀಲರು, ನ್ಯಾಯಾಧೀಶರು, ಎಲ್ಲರೂ ಓದಿದ್ದರು. ನನ್ನನ್ನು ಕೇಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲು ಕುಳಿತರೆ ಯಾರಿಂದ ಶುರು ಮಾಡಲಿ.

ಆಪಾ


ಬಳ್ಳಾರಿ
9 ಜೂನ್ 2025

ಆಪಾ,

ಸುರೇಖಾ ಮೇಡಂ ನಿನಗೂ ತಿಳಿಸಿರಬೇಕು. ಮೇಲಿನ ಕೋರ್ಟಿನಲ್ಲಿ ನಮ್ಮ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷ ತಡವಾಗಿ, ಸ್ವಂತ ಅಕ್ಕ ಮಾತು ಬದಲಿಸಿದರೆ ನಂಬಲು ಆಗುವುದಿಲ್ಲ ಎಂಬುದೇ ಅದರ ಸಾರ. ನಿನ್ನ ಮೇಲೆ ಕೇಸು ಹಾಕಲಿಲ್ಲ, ಅದೊಂದು ಆಯಿತು. ಇನ್ನು ಜೀವಾವಧಿ ಶಿಕ್ಷೆಯವರನ್ನು ಒಟ್ಟು ಹದಿನಾಲ್ಕು ವರ್ಷ ತುಂಬಿದ ಮೇಲೆ ಸರಕಾರ ನಡತೆ ನೋಡಿ ಬಿಡಬಹುದು, ಬಿಡದಿರಲೂಬಹುದು. ಇನ್ನೂ ಆರು ವರ್ಷ.

ತರಗತಿ ನಿಲ್ಲಿಸಿದ್ದೇನೆ. ಕಾಳಪ್ಪನವರು ದಿನಾ ಪುಸ್ತಕ ಹಿಡಿದು ಬಂದು ನನ್ನ ಹತ್ತಿರ ಕುಳಿತು ಎದ್ದು ಹೋಗುತ್ತಾರೆ. ನನ್ನಿಂದ ಆಗುತ್ತಿಲ್ಲ. ಬೇರೆಯವರನ್ನು ನೋಡಿಕೊಳ್ಳಿ ಎಂದು ಅಧಿಕಾರಿಗಳಿಗೆ ಹೇಳಿದೆ.

ಇಷ್ಟು ವರ್ಷ ನಿನ್ನ ಮೇಲಿನ ಸಿಟ್ಟು ಹಿಡಿದುಕೊಂಡು ಬದುಕಿದ್ದೆ. ಬೆಳಿಗ್ಗೆ ಏಳಲು ಅದು ಸಾಕಾಗುತ್ತಿತ್ತು. ಈಗ ಅದೂ ಇಲ್ಲ.

ನನ್ನನ್ನು ನೋಡಲು ಬರಬೇಡ. ನಿನ್ನ ಮುಖ ನೋಡುವುದು ನನ್ನಿಂದ ಆಗುವುದಿಲ್ಲ. ಪತ್ರವೂ ಬೇಡ.

ಅಲ್ತಾಫ


ಗಂಗಾವತಿ
17 ಆಗಸ್ಟ್ 2025

ಅಲ್ತಾಫನಿಗೆ ನಿನ್ನ ಆಪಾಳ ಸಲಾಮು.

ಬೇಡ ಎಂದಿದ್ದೆ. ಬರೆಯುತ್ತಿದ್ದೇನೆ.

ಜುಲೈನಲ್ಲಿ ಬಂದಿದ್ದೆ. ನೀನು ಹೊರಗೆ ಬರಲಿಲ್ಲ. ಬಾಗಿಲಿನಲ್ಲಿದ್ದ ಪೊಲೀಸಮ್ಮ ಎರಡು ಸಲ ಒಳಗೆ ಹೇಳಿ ಕಳಿಸಿದಳು. "ಬರಾಂಗಿಲ್ಲ ಅಂತಾನವಾ, ನೀ ಹೋಗು" ಎಂದಳು. ನಾನು ಹೋಗಲಿಲ್ಲ. ಗೇಟಿನ ಆಚೆ ಬೇವಿನ ಗಿಡದ ಕೆಳಗೆ ಇನ್ನೂ ಐದಾರು ಹೆಂಗಸರು ಕುಳಿತಿದ್ದರು. ಹುಲಗೆಮ್ಮ ಎಂಬವಳು ಮಗನನ್ನು ನೋಡಲು ಬಂದಿದ್ದಳು. ಅವಳು ತಂದಿದ್ದ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟಳು. ಊರಿಗೆ ಒಟ್ಟಿಗೇ ಬಂದೆವು.

ಖುಷ್ಬು ಬಂದಿದ್ದಳು. ಕನಕಗಿರಿಯಲ್ಲಿ ಮತ್ತೆ ಕೇಂದ್ರ ತೆಗೆಯುತ್ತಾರಂತೆ, ಅವಳು ಟೀಚರ್ ಟ್ರೇನಿಂಗಿಗೆ ಹೋಗುತ್ತಿದ್ದಾಳೆ. "ಖಾಲಾ, ಈ ಸಲ ನೀವ ಕಲಸ್ರಿ. ನಿಮ್ಮ ಹೆಸರು ನಾ ಕೊಟ್ಟೀನಿ" ಎಂದಳು. ಆಗುವುದಿಲ್ಲ ಎಂದೆ. ಅವಳ ಮುಖ ಸಣ್ಣಗಾಯಿತು. ಅವಳದೇನೂ ತಪ್ಪಿಲ್ಲ. ಯಾವ ಹೆಂಗಸಿನ ಪೆಟ್ಟಿಗೆಯಲ್ಲಿ ಏನಿದೆಯೋ, ಓದಲು ಬಂದ ಮೇಲೆ ಅವಳು ಅದನ್ನು ತೆಗೆದುಕೊಂಡು ಯಾರ ಹತ್ತಿರ ಹೋಗಬೇಕು ಎಂದು ನನಗೆ ಹೇಳಲು ಬರುವುದಿಲ್ಲ.

ಇರ್ಫಾನಾ ರಜೆಗೆ ಕನಕಗಿರಿಗೇ ಹೋದಳು. ಒಂದು ದಿನ ಮಾತ್ರ ಇಲ್ಲಿಗೆ ಬಂದು ಊಟ ಮಾಡಿ ಹೋದಳು. ಮಾಮು ಹೇಗಿದ್ದಾನೆ ಎಂದು ಕೇಳಿದಳು. ಚೆನ್ನಾಗಿದ್ದಾನೆ, ಹುಡುಗರಿಗೆ ಕಲಿಸುತ್ತಾನೆ ಎಂದೆ.

ಗಿರಣಿಗೆ ಎರಡನೆಯ ಶನಿವಾರ ರಜೆ ಕೇಳಿ ಇಟ್ಟುಕೊಂಡಿದ್ದೇನೆ. ಪ್ರತಿ ತಿಂಗಳೂ ಬರುತ್ತೇನೆ. ಹೆಂಗಸರಿಗೆ ಬಸ್ಸು ಫ್ರೀ ಇದೆ. ನೀನು ಹೊರಗೆ ಬರಬೇಕು ಎಂದು ನಾನು ಹೇಳುವುದಿಲ್ಲ, ಹೇಳಿ ಕಳಿಸುವುದೂ ಇಲ್ಲ. ಹನ್ನೊಂದು ಗಂಟೆಗೆ ಬಂದು ಕೂರುತ್ತೇನೆ. ಮೂರೂವರೆಗೆ ಗಂಗಾವತಿ ಬಸ್ಸು. ಅಲ್ಲಿಯವರೆಗೆ ಗೋಡೆಯ ಈ ಕಡೆ ನಾನಿರುತ್ತೇನೆ.

ಆಪಾ